ಬಾಣಂತಿಯ ಊಟ ಮತ್ತು ಹಸುಗೂಸಿನ ಜೀವಶಕ್ತಿ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಗ್ರಾಮೀಣ ದಂಪತಿಗಳನ್ನುದ್ದೇಶಿಸಿ ವೈದ್ಯರೊಬ್ಬರು ಮಾಡಿದ ಭಾಷಣ)



ಮಗು ಹುಟ್ಟಿದ ಮನೆಯಲ್ಲಿ ಸಂತೋಷವೂ ಆತಂಕವೂ ಒಂದೇ ತೊಟ್ಟಿಲಿನ ಎರಡು ಹಗ್ಗಗಳಂತೆ ಜೊತೆಯಾಗಿಯೇ ಇರುತ್ತವೆ. ಮಗು ಹಾಲು ಕುಡಿದು ಮಲಗಿದರೆ ಮನೆಯವರಿಗೆಲ್ಲ ನೆಮ್ಮದಿ. ಅದು ಒಂದು ಹೊತ್ತು ಹಾಲು ಬಿಟ್ಟರೆ ಎಲ್ಲರಿಗೂ ಕಳವಳ. ಮೈಕೈ ತುಂಬಿಕೊಂಡು, ನಗಲು ಕಲಿತು, ತಾಯಿಯ ಮುಖವನ್ನು ಗುರುತಿಸುತ್ತಿದ್ದ ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತ ಒಂದೆರಡು ದಿನಗಳಲ್ಲಿ ಕಣ್ಮುಚ್ಚಿದರೆ ಆ ಮನೆಯ ದುಃಖವನ್ನು ಹೇಳಲು ಮಾತು ಸಾಲದು. ಜನರು ಅದನ್ನು ದೃಷ್ಟಿಯೆಂದರು, ಬಾಲಗ್ರಹವೆಂದರು, ಗಾಳಿ ಸೋಂಕೆಂದರು, ಹಣೆಯ ಬರಹವೆಂದರು. ಇಂತಹ ಸಾವುಗಳಲ್ಲಿ ಕೆಲವಕ್ಕಾದರೂ ಕಾರಣವು ಹಣೆಯಲ್ಲಿರದೆ ಬಾಣಂತಿಯ ಊಟದ ತಟ್ಟೆಯಲ್ಲಿರುತ್ತದೆ ಎಂಬುದನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಲು ನಾನು ಈ ದಿನ ಬಂದಿದ್ದೇನೆ.

ಇದನ್ನು ತಿಳಿಯಬೇಕಾದರೆ ನಮ್ಮ ದೇಹಕ್ಕೆ ಶಕ್ತಿಯು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಅರಿತುಕೊಳ್ಳಬೇಕು. ವಿಷಯವು ಸೂಕ್ಷ್ಮವಾದುದಾದರೂ ಕಠಿಣವಾದುದಲ್ಲ. ಒಲೆ ಹಚ್ಚಿ ಅನ್ನ ಬೇಯಿಸಿದವರೆಲ್ಲರಿಗೂ ಇದು ಅರ್ಥವಾಗುತ್ತದೆ.

ದೇಹದೊಳಗಿನ ಒಲೆಗಳು

ಮನೆಗಳು ಸೇರಿ ಊರಾಗುವಂತೆ ಕಣ್ಣಿಗೆ ಕಾಣದಷ್ಟು ಸಣ್ಣದಾದ ಜೀವಕೋಶಗಳು ಸೇರಿ ನಮ್ಮ ದೇಹವಾಗಿದೆ. ಮನೆಯಲ್ಲಿ ಒಲೆಯಿರುವಂತೆ, ಕೆಂಪು ರಕ್ತಕಣಗಳನ್ನುಳಿದು, ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೊಳಗೂ ಶಕ್ತಿಯನ್ನು ಸಿದ್ಧಪಡಿಸುವ ಸೂಕ್ಷ್ಮ ಅಂಗಗಳಿವೆ. ಇವುಗಳಿಗೆ ಮೈಟೊಕಾಂಡ್ರಿಯ ಎಂದು ಹೆಸರು. 1898ರಲ್ಲಿ ಕಾರ್ಲ್ ಬೆಂಡಾ ಎಂಬ ಜರ್ಮನ್ ವಿಜ್ಞಾನಿಯು ಈ ಹೆಸರನ್ನಿಟ್ಟನು. ಹೆಚ್ಚು ದುಡಿಯುವ ಮಿದುಳು, ಹೃದಯ ಮತ್ತು ಮಾಂಸಖಂಡಗಳ ಜೀವಕೋಶಗಳಲ್ಲಿ ಇಂತಹ ಒಲೆಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿರುತ್ತವೆ.

ನಾವು ಉಂಡ ಅನ್ನ, ಮುದ್ದೆ, ರೊಟ್ಟಿಗಳು ಜೀರ್ಣವಾಗಿ ಸಕ್ಕರೆಯ ರೂಪವನ್ನು ತಾಳಿ ರಕ್ತದ ಮೂಲಕ ಜೀವಕೋಶಗಳನ್ನು ಸೇರುತ್ತವೆ. ಇದು ಸೌದೆ. ನಾವು ಉಸಿರಾಡಿದ ಆಮ್ಲಜನಕವೂ ರಕ್ತದ ಮೂಲಕವೇ ಅಲ್ಲಿಗೆ ಬರುತ್ತದೆ. ಇದು ಗಾಳಿ. ಸೌದೆಯೂ ಗಾಳಿಯೂ ಕೂಡಿದರೆ ಸಾಕೇ? ಸಾಲದು. ಸೌದೆಯನ್ನು ಒಲೆಯ ಬಾಯಿಗೆ ನೂಕಲು ಒಂದು ಕೈ ಬೇಕು. ಮೈಟೊಕಾಂಡ್ರಿಯದೊಳಗೆ ಆ ಕೈಯ ಕೆಲಸವನ್ನು ಮಾಡಲು ನೆರವಾಗುವುದು ಥಯಾಮಿನ್ ಎಂಬ ಜೀವಸತ್ವ. ಇದನ್ನೇ ಬಿ1 ಜೀವಸತ್ವವೆಂದು ಕರೆಯುತ್ತಾರೆ.

ಥಯಾಮಿನ್ ಇಲ್ಲವಾದರೆ ಸೌದೆಯು ಒಲೆಯ ಹೊರಗೇ ರಾಶಿ ಬೀಳುತ್ತದೆ. ಒಲೆ ನಂದುತ್ತದೆ, ಮನೆಯ ತುಂಬ ಹೊಗೆಯಾಡುತ್ತದೆ. ದೇಹದಲ್ಲಿಯೂ ಹೀಗೆಯೇ. ಉರಿಯದೆ ಉಳಿದ ಸಕ್ಕರೆಯು ಲ್ಯಾಕ್ಟಿಕ್ ಆಮ್ಲವಾಗಿ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ರಕ್ತ ಹುಳಿಯಾಗುತ್ತದೆ. ಆ ಹುಳಿಯನ್ನು ಹೊರಹಾಕುವ ಪ್ರಯತ್ನದಲ್ಲಿ ಮಗುವು ಬೇಗಬೇಗ ಉಸಿರಾಡುತ್ತದೆ. ಅತ್ತ ಹೃದಯಕ್ಕೂ ಮಿದುಳಿಗೂ ಶಕ್ತಿ ಸಾಲದೆ ಅವು ಸೋಲುತ್ತವೆ. ದೊಡ್ಡವರಲ್ಲಿ ಈ ಸೋಲು ನಿಧಾನವಾಗಿ ಬರುತ್ತದೆ. ದಿನದಿನಕ್ಕೂ ಬೆಳೆಯುತ್ತಿರುವ ಹಸುಗೂಸಿನ ದೇಹಕ್ಕೆ ಶಕ್ತಿಯ ಅಗತ್ಯವು ಬಹಳ, ಕೂಡಿಟ್ಟ ಸಂಗ್ರಹವು ಅತ್ಯಲ್ಪ. ಆದುದರಿಂದ ಕೂಸಿನಲ್ಲಿ ಈ ಸೋಲು ಗಂಟೆಗಳ ಲೆಕ್ಕದಲ್ಲಿ ಬರಬಹುದು.

ಹುಟ್ಟಿನಿಂದ ಬರುವ ದೋಷ

ಈ ಒಲೆಗಳು ಕೆಡುವುದರಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಹುಟ್ಟಿನಿಂದ ಬರತಕ್ಕದ್ದು. ಒಲೆಯನ್ನು ಕಟ್ಟುವ ವಿವರಗಳು ವಂಶವಾಹಿಗಳಲ್ಲಿ ಅಡಗಿರುತ್ತವೆ. ಅಲ್ಲಿ ತಪ್ಪಿದ್ದರೆ ಒಲೆಯೇ ವಕ್ರವಾಗುತ್ತದೆ. ಮೈಟೊಕಾಂಡ್ರಿಯಕ್ಕೆ ತನ್ನದೇ ಆದ 37 ವಂಶವಾಹಿಗಳಿವೆ. ಅವುಗಳ ಪೂರ್ಣ ಕ್ರಮವನ್ನು 1981ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಬಿಡಿಸಿದರು. ಈ ವಂಶವಾಹಿಗಳ ದೋಷದಿಂದ ಮನುಷ್ಯರಿಗೆ ಕಾಯಿಲೆ ಬರುತ್ತದೆಂಬುದು 1988ರಲ್ಲಿ ಸ್ಥಿರಪಟ್ಟಿತು. ದೃಷ್ಟಿ ಮಂದವಾಗುವುದು, ಕಿವಿ ಕೇಳದಿರುವುದು, ಮೂರ್ಛೆ, ಸ್ನಾಯುಗಳ ದೌರ್ಬಲ್ಯ, ಮಗುವಿನ ಬೆಳವಣಿಗೆ ಹಿಂದಕ್ಕೆ ಬೀಳುವುದು ಮುಂತಾದವು ಇಂತಹ ಕಾಯಿಲೆಗಳ ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ರೋಗಿಗಳ ತಪಾಸಣೆಯೂ ಚಿಕಿತ್ಸೆಯೂ ನಡೆಯುತ್ತಿವೆ.

ಇಲ್ಲಿ ಎರಡು ಮಾತುಗಳನ್ನು ದಂಪತಿಗಳು ಗಮನಿಸಬೇಕು. ಮೈಟೊಕಾಂಡ್ರಿಯದ ಸ್ವಂತ ವಂಶವಾಹಿಗಳು ಮಗುವಿಗೆ ತಾಯಿಯಿಂದಲೇ ಬರುತ್ತವೆ. ಹಾಗೆಂದು ತಾಯಿಯನ್ನು ದೂಷಿಸುವುದು ಅನ್ಯಾಯ. ಆಕೆಗೆ ಅವು ಆಕೆಯ ತಾಯಿಯಿಂದ ಬಂದುವು. ಆರಿಸಿಕೊಳ್ಳುವ ಅಧಿಕಾರ ಯಾರಿಗೂ ಇರಲಿಲ್ಲ. ಎರಡನೆಯದಾಗಿ, ಒಲೆ ಕಟ್ಟುವ ವಿವರಗಳಲ್ಲಿ ಹೆಚ್ಚಿನ ಪಾಲು ತಂದೆತಾಯಿಗಳಿಬ್ಬರಿಂದಲೂ ಬರುವ ಇತರ ವಂಶವಾಹಿಗಳಲ್ಲಿದೆ. ಇಬ್ಬರಲ್ಲಿಯೂ ಒಂದೇ ದೋಷವು ಅಡಗಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವವಿರುತ್ತದೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ಮದುವೆಯಾಗುವ ಪದ್ಧತಿಯಿರುವ ನಮ್ಮ ನಾಡಿನಲ್ಲಿ ಇಂತಹ ಅಡಗಿದ ದೋಷಗಳು ಕೂಡುವ ಸಂಭವ ಹೆಚ್ಚು. ಒಂದು ಮಗುವನ್ನು ಹೀಗೆ ಕಳೆದುಕೊಂಡವರು ಮುಂದಿನ ಗರ್ಭಕ್ಕೆ ಮೊದಲೇ ವೈದ್ಯರನ್ನು ಕಂಡು, ಆನುವಂಶಿಕ ಸಲಹೆಯನ್ನು ಪಡೆಯುವುದು ವಿವೇಕ.

ಹುಟ್ಟಿನಿಂದ ಬಂದ ದೋಷಗಳಲ್ಲಿ ಅನೇಕವಕ್ಕೆ ಪೂರ್ಣ ಪರಿಹಾರವು ಇಂದಿಗೂ ಕೈಗೆ ಬಂದಿಲ್ಲ. ಒಲೆ ಸರಿಯಾಗಿಯೇ ಇದ್ದು ಅದಕ್ಕೆ ಸೌದೆ ನೂಕುವ ಕೈ ಮಾತ್ರ ಇಲ್ಲದಿರುವ ಎರಡನೆಯ ಬಗೆಯ ತೊಂದರೆಯಾದರೋ ಸಂಪೂರ್ಣವಾಗಿ ನಮ್ಮ ಹತೋಟಿಯಲ್ಲಿದೆ. ಈ ದಿನದ ನನ್ನ ಮುಖ್ಯ ಮಾತು ಅದನ್ನು ಕುರಿತದ್ದು.

ಕೋಳಿಗಳು ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿ ಕ್ರಿಶ್ಚಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯನು ಬೆರಿಬೆರಿ ಎಂಬ ಕಾಯಿಲೆಯ ಕಾರಣವನ್ನು ಹುಡುಕುತ್ತಿದ್ದನು. ಕಾಲುಗಳಲ್ಲಿ ಶಕ್ತಿಗುಂದಿ, ಮೈ ಊದಿ, ಹೃದಯ ಸೋತು ಜನರು ಸಾಯುತ್ತಿದ್ದ ಕಾಲವದು. ಅವನ ಪ್ರಯೋಗಶಾಲೆಯ ಕೋಳಿಗಳಿಗೂ ಕಾಲು ಬಿದ್ದುಹೋಗುವ ಇಂತಹುದೇ ಕಾಯಿಲೆ ಬಂದಿತು. ಕೆಲವು ತಿಂಗಳ ಬಳಿಕ ಅವು ತಾವಾಗಿಯೇ ಗುಣವಾದುವು. ವಿಚಾರಿಸಿ ನೋಡಲಾಗಿ, ಕಾಯಿಲೆಯ ಅವಧಿಯಲ್ಲಿ ಕೋಳಿಗಳಿಗೆ ಸೈನಿಕ ಆಸ್ಪತ್ರೆಯ ಅಡುಗೆಮನೆಯ ಪಾಲಿಶ್ ಅಕ್ಕಿಯ ಅನ್ನವನ್ನು ಹಾಕುತ್ತಿದ್ದುದು ಗೊತ್ತಾಯಿತು. ಹೊಸದಾಗಿ ಬಂದ ಅಡುಗೆಯವನು, ಸೈನಿಕರ ಅನ್ನವನ್ನು ಕೋಳಿಗಳಿಗೆ ಕೊಡುವುದಿಲ್ಲವೆಂದು ನಿಲ್ಲಿಸಿಬಿಟ್ಟಿದ್ದನು. ತೌಡು ಹೋಗದ ಸಾಮಾನ್ಯ ಅಕ್ಕಿಯನ್ನು ತಿಂದ ಕೋಳಿಗಳು ಎದ್ದು ನಿಂತುವು. ಈ ಮಾರ್ಗದ ಸಂಶೋಧನೆಗಾಗಿ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. 1926ರಲ್ಲಿ ಅದೇ ಜಾವಾದಲ್ಲಿ ತೌಡಿನಿಂದ ಥಯಾಮಿನನ್ನು ಬೇರ್ಪಡಿಸಿದರು; 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದರು.

ನಮ್ಮ ದೇಶದಲ್ಲಿಯೂ ಈ ಶೋಧನೆಗೆ ಹಳೆಯ ಚರಿತ್ರೆಯಿದೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಒಂದೇ ಒಂದು ಕೋಣೆಯಲ್ಲಿ, ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯನು ಬೆರಿಬೆರಿ ವಿಚಾರಣೆಯ ಪ್ರಯೋಗಶಾಲೆಯನ್ನು ತೆರೆದನು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ.

ಬೆರಿಬೆರಿಯು ಪುಸ್ತಕದಲ್ಲಿ ಮಾತ್ರ ಉಳಿದ ಕಾಯಿಲೆಯೆಂದು ವೈದ್ಯರೂ ಬಹುಕಾಲ ನಂಬಿದ್ದರು. ಆ ನಂಬಿಕೆ ತಪ್ಪಾಯಿತು. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದ ಎಳೆಯ ಕೂಸುಗಳನ್ನು ಕುರಿತದ್ದು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವು ವಿಪರೀತವಾಗಿ, ಹೃದಯ ಸೋತು, ಆ ಕೂಸುಗಳು ಜೀವಾಪಾಯಕ್ಕೆ ಸಿಲುಕಿದ್ದುವು. ಥಯಾಮಿನ್ ಕೊಟ್ಟಾಗ ಅವು ಚೇತರಿಸಿಕೊಂಡುವು. ಕಾಶ್ಮೀರದ ವೈದ್ಯರೂ ಇಂತಹ ಕೂಸುಗಳ ವಿಷಯವನ್ನು ವರದಿ ಮಾಡಿದ್ದಾರೆ. ನಾಡು ಬೇರೆ, ಭಾಷೆ ಬೇರೆ. ಬಾಣಂತಿಗೆ ಬಿಳಿಯ ಅನ್ನ ಮತ್ತು ಕಟ್ಟುನಿಟ್ಟಿನ ಪಥ್ಯವೆಂಬುದು ಮಾತ್ರ ಒಂದೇ.

ನಮ್ಮ ಸೀಮೆಯ ಬಾಣಂತನ

ನಮ್ಮ ಮೂರು ತಾಲ್ಲೂಕುಗಳ ಸ್ಥಿತಿಯನ್ನು ನೋಡೋಣ. ಕಡೂರಿನ ಬಯಲು ರಾಗಿಯ ನಾಡು. ತರೀಕೆರೆಯ ಕಡೆ ಭತ್ತದ ಗದ್ದೆಗಳೂ ಅಡಿಕೆಯ ತೋಟಗಳೂ ಇವೆ. ಅಜ್ಜಂಪುರವು ಅಮೃತಮಹಲ್ ದನಗಳಿಗೆ ಹೆಸರಾದ ಊರು. ರಾಗಿ, ಹುರುಳಿ, ಅವರೆ, ತೊಗರಿ, ಹೆಸರು, ಎಳ್ಳು, ಕಡಲೆಕಾಯಿ — ಇವೆಲ್ಲ ನಮಗೆ ಹೊಸತಲ್ಲ. ಗದ್ದೆಯ ಕೆಲಸಕ್ಕೆ ಹೋಗುವ ಗಂಡಸು ಮುದ್ದೆ, ಹುರುಳಿ ಸಾರು ಉಂಡು ಹೋಗುತ್ತಾನೆ. ಬಾಣಂತಿಗೋ? ಮುದ್ದೆ ಜೀರ್ಣವಾಗದು, ಕಾಳು ವಾಯು, ಸೊಪ್ಪು ಶೀತ, ಕಡಲೆಕಾಯಿ ಪಿತ್ತ, ಹಣ್ಣು ನಂಜು ಎಂದು ಒಂದೊಂದನ್ನೇ ತೆಗೆದುಹಾಕಿ, ಕೊನೆಗೆ ಉಳಿಯುವುದು ಬಿಳಿಯ ಅನ್ನ, ಮೆಣಸಿನ ಸಾರು, ಒಂದಿಷ್ಟು ಬೆಳ್ಳುಳ್ಳಿ, ತುಪ್ಪ. ಇದು ಒಂದು ವಾರವಾದರೆ ಬೇರೆ ಮಾತು. ಮೂರು ತಿಂಗಳು, ಐದು ತಿಂಗಳು ಇದೇ ಊಟವಾದರೆ ಏನಾಗುತ್ತದೆ?

ಲೆಕ್ಕ ಹಾಕಿ ನೋಡೋಣ. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು ಒಂದೂವರೆ ಮಿಲಿಗ್ರಾಂ ಥಯಾಮಿನ್ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 0.4 ಮಿಲಿಗ್ರಾಂ ಇರುತ್ತದೆ. ಗಿರಣಿಯಲ್ಲಿ ಚೆನ್ನಾಗಿ ಪಾಲಿಶ್ ಮಾಡಿದ ನೂರು ಗ್ರಾಂ ಬಿಳಿಯ ಅಕ್ಕಿಯಲ್ಲಿರುವುದು ಅದರ ಏಳನೆಯ ಒಂದು ಪಾಲಿನಷ್ಟು ಮಾತ್ರ. ಬಾಣಂತಿಯು ದಿನಕ್ಕೆ 400 ಗ್ರಾಂ ಅಕ್ಕಿಯ ಅನ್ನ ಉಂಡರೂ ದೊರೆಯುವುದು ಕಾಲು ಮಿಲಿಗ್ರಾಮಿನಷ್ಟೂ ಆಗದು. ಥಯಾಮಿನ್ ನೀರಿನಲ್ಲಿ ಕರಗುವ ಸತ್ವ. ಅಕ್ಕಿಯನ್ನು ಮೂರು ನಾಲ್ಕು ಸಲ ಉಜ್ಜಿ ತೊಳೆದರೆ ಅದರಲ್ಲಿ ಒಂದು ಪಾಲು ತೊಳೆದ ನೀರಿನಲ್ಲಿ ಹೋಯಿತು. ಅನ್ನದ ಗಂಜಿ ಬಸಿದರೆ ಮತ್ತೊಂದು ಪಾಲು ಗಂಜಿಯಲ್ಲಿ ಹೋಯಿತು. ಆ ತೊಳೆದ ನೀರೂ ಗಂಜಿಯೂ ಎಲ್ಲಿಗೆ ಹೋಗುತ್ತವೆ? ಕಲಗಚ್ಚಿಗೆ. ಗಿರಣಿಯ ತೌಡು ಎಲ್ಲಿಗೆ ಹೋಗುತ್ತದೆ? ಕೊಟ್ಟಿಗೆಗೆ. ಕರು ಹಾಕಿದ ಹಸುವಿಗೆ ತೌಡು ಕೊಟ್ಟರೆ ಹಾಲು ಪುಷ್ಟಿಯಾಗುತ್ತದೆಂದು ಬಲ್ಲ ನಾವು, ಕೂಸು ಹೆತ್ತ ಹೆಣ್ಣಿಗೆ ತೌಡು ಕಳೆದ ಅನ್ನವನ್ನು ಮಾತ್ರ ಕೊಡುತ್ತಿದ್ದೇವೆ.

ಊಟವಾದ ಮೇಲೆ ಬಾಣಂತಿಗೆ ಎಲೆ ಅಡಿಕೆ ಕೊಡುವ ರೂಢಿಯಿದೆ. ಅಡಿಕೆಯಲ್ಲಿಯೂ ಚಹದಲ್ಲಿಯೂ ಇರುವ ಒಗರಿನ ಅಂಶವು ಥಯಾಮಿನ್ನಿನ ಉಪಯೋಗಕ್ಕೆ ಅಡ್ಡಿಯಾಗುತ್ತದೆ. ಬೇಳೆ ಬೇಗ ಬೇಯಲೆಂದು ಹಾಕುವ ಅಡುಗೆ ಸೋಡ ಅದನ್ನು ನಾಶಮಾಡುತ್ತದೆ. ಅಡಿಕೆ ನಮ್ಮ ಸೀಮೆಗೆ ಅನ್ನ ಕೊಡುವ ಬೆಳೆ. ಬೆಳೆಯುವುದಕ್ಕೆ ಅಡ್ಡಿಯಿಲ್ಲ, ಬಾಣಂತಿಯು ಅದನ್ನು ಅಗಿಯದಿರುವುದು ಲೇಸು.

ದೇಹವು ಥಯಾಮಿನನ್ನು ಎರಡು ಮೂರು ವಾರಗಳಿಗಿಂತ ಹೆಚ್ಚು ಕಾಲ ಕೂಡಿಟ್ಟುಕೊಳ್ಳಲಾರದು. ತಾಯಿಯ ಸಂಗ್ರಹ ಬರಿದಾದಂತೆ ಎದೆಹಾಲಿನಲ್ಲಿಯೂ ಅದು ಕಡಿಮೆಯಾಗುತ್ತದೆ. ಹಾಲು ಬೆಳ್ಳಗೆ, ಧಾರಾಳವಾಗಿಯೇ ಬರುತ್ತದೆ. ತಾಯಿಯೂ ನೋಡಲು ಆರೋಗ್ಯವಾಗಿಯೇ ಇರಬಹುದು. ಕೆಲವರಿಗೆ ಕೈಕಾಲು ಜೋಮು ಹಿಡಿಯುವುದು, ಅಂಗಾಲು ಉರಿಯುವುದು, ಪಾದ ಊದುವುದು ಕಾಣಿಸಬಹುದು. ಬಾಣಂತಿಗೆ ಇವೆಲ್ಲ ಸಹಜವೆಂದು ಕಡೆಗಣಿಸಬಾರದು. ಗರ್ಭಿಣಿಗೂ ಬಾಣಂತಿಗೂ ಆರೋಗ್ಯ ಇಲಾಖೆಯು ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ತಪ್ಪದೆ ನುಂಗಬೇಕು. ಆದರೆ ಅದರಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ, ಥಯಾಮಿನ್ ಅಲ್ಲ. ಅದು ಊಟದಿಂದಲೇ ಬರಬೇಕು.

ಒಂದು ಮನೆಯ ಚಿತ್ರ

ಒಂದು ಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ತರೀಕೆರೆ ಕಡೆಯ ಹೆಣ್ಣನ್ನು ಕಡೂರು ಕಡೆಯ ಹಳ್ಳಿಗೆ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಆಸ್ಪತ್ರೆಯಲ್ಲಿ ಹೆರಿಗೆ ಸುಖವಾಗಿ ಆಗಿ, ಮೂರು ಕಿಲೋ ತೂಕದ ಗಂಡು ಮಗು ಹುಟ್ಟಿದೆ. ಅಳಿಯನು ಹದಿನೈದು ದಿನಕ್ಕೊಮ್ಮೆ ಬಂದು ಹೆಂಡತಿ ಮಗುವನ್ನು ನೋಡಿಕೊಂಡು ಹೋಗುತ್ತಾನೆ. ಎರಡೂವರೆ ತಿಂಗಳಾದಾಗ ಮಗು ಹಾಲು ಕುಡಿದದ್ದನ್ನೆಲ್ಲ ಕಕ್ಕಲು ತೊಡಗುತ್ತದೆ. ಅಳು ಹೆಚ್ಚುತ್ತದೆ, ಮರುದಿನ ಅಳುವಿನ ದನಿ ಒಡೆದು ಗೊಗ್ಗರಾಗುತ್ತದೆ. ಬಾಯಿ ತೆರೆದು ಅಳುತ್ತದೆ, ದನಿ ಮಾತ್ರ ಹೊರಡದು. ಉಸಿರು ಏರುತ್ತದೆ, ಮೂಗಿನ ಹೊಳ್ಳೆಗಳು ಅರಳುತ್ತವೆ, ತುಟಿ ನೀಲಿಯಾಗುತ್ತದೆ.

ಅಂದು ಬಂದ ಅಳಿಯನು, "ಅತ್ತೆ, ಮಗುವಿನ ಉಸಿರು ಸರಿಯಾಗಿಲ್ಲ. ಆಸ್ಪತ್ರೆಗೆ ಹೋಗೋಣ" ಎನ್ನುತ್ತಾನೆ.

"ಅಳಿಯಂದಿರೇ, ಗಾಬರಿಯಾಗಬೇಡಿ. ದೃಷ್ಟಿಯಾಗಿದೆ. ಹೊಟ್ಟೆಯ ಮೇಲೆ ಒಂದು ಬರೆ ಹಾಕಿಸಿದರೆ ಸರಿಹೋಗುತ್ತದೆ. ಬಾಣಂತಿಗೆ ನಾಳೆಯಿಂದ ಸಾರನ್ನೂ ಬಿಡಿಸಿಬಿಡುತ್ತೇನೆ" ಎನ್ನುತ್ತಾರೆ ಅತ್ತೆ.

ಈ ಮಾತಿನಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆ ತಾಯಿಯೂ ತನ್ನ ಬಾಣಂತನದಲ್ಲಿ ಹಾಗೆಯೇ ನಡೆದುಕೊಂಡವಳು. ಹಸಿಮೈಯ ಮಗಳಿಗೆ ಕೆಡುಕಾಗದಿರಲೆಂದೇ ಆಕೆಯ ಕಾಳಜಿ. ಆದರೆ ಆ ಕಾಳಜಿಯೇ ಇಲ್ಲಿ ಮಗುವಿನ ಒಲೆಗೆ ನೀರು ಸುರಿಯುತ್ತಿದೆ. ಬರೆ ಹಾಕಿಸಿದರೆ ಮಗುವಿಗೆ ನೋವಾಗುವುದಲ್ಲದೆ ಗಾಯ ಕೀವಾಗಿ ಮತ್ತೊಂದು ಅಪಾಯ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಕೈತಪ್ಪಿಹೋದ ಆ ಕೆಲವು ಗಂಟೆಗಳು.

ಅಳಿಯನು ಹಟ ಹಿಡಿದು 108ಕ್ಕೆ ಕರೆಮಾಡಿ, ತಾಯಿಯನ್ನೂ ಮಗುವನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದನೆನ್ನಿ. ವೈದ್ಯರು ಮಗುವನ್ನು ಪರೀಕ್ಷಿಸುತ್ತಾರೆ. ನ್ಯುಮೋನಿಯ, ರಕ್ತದ ಸೋಂಕು, ಹುಟ್ಟಿನಿಂದ ಬಂದ ಹೃದಯದ ದೋಷ — ಇವುಗಳಲ್ಲಿಯೂ ಹೆಚ್ಚುಕಡಿಮೆ ಇದೇ ಲಕ್ಷಣಗಳಿರುವುದರಿಂದ ಅವರಿಗೂ ಒಡನೆಯೇ ನಿರ್ಧರಿಸುವುದು ಕಷ್ಟ. ಆಗ ಒಂದು ಮಾತು ಅವರಿಗೆ ದಾರಿ ತೋರಿಸುತ್ತದೆ: "ಡಾಕ್ಟರೇ, ಮಗು ಎದೆಹಾಲನ್ನು ಮಾತ್ರ ಕುಡಿಯುತ್ತಿದೆ. ಇವಳು ಎರಡೂವರೆ ತಿಂಗಳಿಂದ ಅನ್ನ, ಮೆಣಸಿನ ಸಾರು ಬಿಟ್ಟು ಬೇರೇನೂ ಉಂಡಿಲ್ಲ." ಇದನ್ನು ಕೇಳಿದ ವೈದ್ಯರು ಇತರ ಚಿಕಿತ್ಸೆಗಳ ಜೊತೆಯಲ್ಲಿ ಥಯಾಮಿನ್ ಚುಚ್ಚುಮದ್ದನ್ನು ಕೊಡುವ ವಿಚಾರ ಮಾಡುತ್ತಾರೆ. ಅದು ಅಗ್ಗದ ಔಷಧ. ತಿಳಿದವರ ಕೈಯಲ್ಲಿ ಅಪಾಯವೂ ಅತ್ಯಲ್ಪ. ಕಾಯಿಲೆ ಇದೇ ಆಗಿದ್ದು ಔಷಧವು ಸಮಯಕ್ಕೆ ಸಿಕ್ಕಿದರೆ, ನಂದುತ್ತಿದ್ದ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಉಸಿರು ಇಳಿದು ಮಗು ಹಾಲಿಗೆ ಬಾಯಿ ಹಾಕುತ್ತದೆ. ವೈದ್ಯ ವೃತ್ತಿಯಲ್ಲಿ ಇಷ್ಟು ತೀವ್ರವಾದ ಕಾಯಿಲೆ ಇಷ್ಟು ಬೇಗ ಗುಣವಾಗುವುದನ್ನು ಕಾಣುವ ಸಂದರ್ಭಗಳು ವಿರಳ.

ಆದುದರಿಂದ ತಾವೆಲ್ಲರೂ ಒಂದು ಮಾತನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ. ಕೂಸನ್ನು ಆಸ್ಪತ್ರೆಗೆ ಕರೆತಂದಾಗ, ವೈದ್ಯರು ಕೇಳಲಿ ಬಿಡಲಿ, ತಾಯಿಯು ಏನು ಉಣ್ಣುತ್ತಿದ್ದಾಳೆ ಎಂಬುದನ್ನು ತಾವಾಗಿಯೇ ತಿಳಿಸಿರಿ.

ಯಾವಾಗ ತಡಮಾಡಬಾರದು

ಆರು ತಿಂಗಳೊಳಗಿನ ಕೂಸಿನಲ್ಲಿ, ವಿಶೇಷವಾಗಿ ಎರಡು ಮೂರು ತಿಂಗಳ ಕೂಸಿನಲ್ಲಿ, ಈ ಕೆಳಗಿನ ಯಾವುದೇ ಲಕ್ಷಣ ಕಂಡರೂ ಆ ದಿನವೇ, ರಾತ್ರಿಯಾದರೆ ಆ ರಾತ್ರಿಯೇ, ಆಸ್ಪತ್ರೆಗೆ ಹೊರಡಬೇಕು.

ಒಂದು, ಮಗು ಹಾಲು ಕುಡಿಯಲು ಒಲ್ಲದಿರುವುದು ಅಥವಾ ಮತ್ತೆ ಮತ್ತೆ ವಾಂತಿ ಮಾಡುವುದು. ಎರಡು, ಸಮಾಧಾನವಿಲ್ಲದ ಎಡೆಬಿಡದ ಅಳು, ನರಳಾಟ. ಮೂರು, ಅಳುವಿನ ದನಿ ಒಡೆಯುವುದು ಅಥವಾ ದನಿಯೇ ಇಲ್ಲವಾಗುವುದು. ನಾಲ್ಕು, ಜ್ವರವಿರಲಿ ಇಲ್ಲದಿರಲಿ, ಉಸಿರು ವೇಗವಾಗುವುದು. ಐದು, ತುಟಿ, ಉಗುರು ನೀಲಿಯಾಗುವುದು, ಕೈಕಾಲು ತಣ್ಣಗಾಗುವುದು. ಆರು, ಮಂಪರು, ರೆಪ್ಪೆ ಜೋಲುವುದು, ಫಿಟ್ಸ್ ಬರುವುದು.

ದಾರಿಯಲ್ಲಿ ಸಕ್ಕರೆ ನೀರು, ಗ್ಲುಕೋಸ್ ನೀರು ಕುಡಿಸಬೇಡಿ. ಮಂದವಾದ ಒಲೆಗೆ ಇನ್ನಷ್ಟು ಸೌದೆ ತುರುಕಿದರೆ ಹೊಗೆ ಹೆಚ್ಚುವುದಲ್ಲದೆ ಉರಿ ಹೆಚ್ಚದು. ತಾಯಿಯನ್ನು ಮನೆಯಲ್ಲಿ ಬಿಟ್ಟು ಅಜ್ಜಿಯೊಬ್ಬರೇ ಮಗುವನ್ನು ತರುವುದೂ ಸರಿಯಲ್ಲ. ಚಿಕಿತ್ಸೆ ತಾಯಿಗೂ ಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಎದೆಹಾಲು ಕೆಟ್ಟಿದೆಯೆಂದು ಹಾಲು ಬಿಡಿಸಬಾರದು. ಕೂಸಿಗೆ ಮೊದಲ ಆರು ತಿಂಗಳು ಎದೆಹಾಲಿಗಿಂತ ಮಿಗಿಲಾದ ಆಹಾರವಿಲ್ಲ. ಹಾಲು ಕೆಟ್ಟಿಲ್ಲ, ತಾಯಿಯ ಊಟ ಬಡವಾಗಿದೆ. ಊಟವನ್ನು ಸರಿಪಡಿಸಿದರೆ ಹಾಲೂ ಸರಿಹೋಗುತ್ತದೆ.

ಈ ಕಾಯಿಲೆ ಎರಗುವ ಕಾಲವನ್ನೂ ಗಮನಿಸಿರಿ. ಹೆರಿಗೆಯ ನಂತರ ಆಶಾ ಕಾರ್ಯಕರ್ತೆಯು ಮನೆಗೆ ಬಂದು ನೋಡುವ ಭೇಟಿಗಳ ಮೊದಲ ಸರಣಿಯು 42ನೆಯ ದಿನಕ್ಕೆ ಮುಗಿಯುತ್ತದೆ. ಮುಂದಿನ ಸರಣಿ ಮೂರನೆಯ ತಿಂಗಳಿಗೆ ಆರಂಭವಾಗುತ್ತದೆ. ಈ ನಡುವಿನ ದಿನಗಳಲ್ಲಿಯೇ ಅಪಾಯ ಹೆಚ್ಚು. ಒಂದೂವರೆ, ಎರಡೂವರೆ ಮತ್ತು ಮೂರೂವರೆ ತಿಂಗಳಿಗೆ ಮಗುವನ್ನು ಲಸಿಕೆಗೆ ಕರೆತರುವಾಗ ಬಾಣಂತಿಯ ಊಟದ ವಿಷಯವನ್ನೂ ಆರೋಗ್ಯ ಕಾರ್ಯಕರ್ತೆಯೊಡನೆ ಮಾತನಾಡಿರಿ.

ಬಾಣಂತಿಗೆ ಏನು ಕೊಡಬೇಕು

ಪಥ್ಯವೆಂದರೆ ಹಿತವಾದ ಆಹಾರವೆಂದು ಅರ್ಥ. ಉಪವಾಸವೆಂದು ಅರ್ಥವಲ್ಲ. ಬೆಳ್ಳುಳ್ಳಿ, ಮೆಣಸು, ತುಪ್ಪ, ಬಿಸಿನೀರು ಇವು ಇರಲಿ, ಇವುಗಳಿಂದ ಕೇಡಿಲ್ಲ. ತೆಗೆದುಹಾಕಿದವನ್ನು ಮರಳಿ ತಟ್ಟೆಗೆ ತರಬೇಕು, ಅಷ್ಟೇ.

ದಿನಕ್ಕೆ ಒಂದು ಹೊತ್ತಾದರೂ ರಾಗಿ ಇರಲಿ. ಮುದ್ದೆ ಭಾರವೆನಿಸಿದರೆ ತೆಳ್ಳಗಿನ ರಾಗಿ ಗಂಜಿ ಅಥವಾ ರೊಟ್ಟಿ ಮಾಡಿಕೊಡಿ. ತೊಗರಿಬೇಳೆಯ ಕಟ್ಟಿನ ಸಾರಿನಿಂದ ಆರಂಭಿಸಿ ಕ್ರಮೇಣ ಬೇಳೆಯನ್ನೂ, ಹೆಸರುಕಾಳು, ಹುರುಳಿಕಾಳನ್ನೂ ಚೆನ್ನಾಗಿ ಬೇಯಿಸಿ ಬಡಿಸಿರಿ. ಬೇಯಿಸಿದ ಕಡಲೆಕಾಯಿ ಒಂದು ಹಿಡಿ, ಎಳ್ಳು ಬೆಲ್ಲದ ಉಂಡೆ ಒಂದು ಇರಲಿ. ಸೊಪ್ಪನ್ನು ಬೇಯಿಸಿ ಕೊಡಿ. ಹಾಲು, ಮೊಟ್ಟೆ, ಮಾಂಸ ತಿನ್ನುವ ಮನೆಗಳಲ್ಲಿ ಅವೂ ಇರಲಿ. ಇನ್ನೂರು ಗ್ರಾಂ ರಾಗಿ, ನೂರು ಗ್ರಾಂ ಬೇಳೆಕಾಳು, ಒಂದು ಹಿಡಿ ಕಡಲೆಕಾಯಿ — ಇಷ್ಟರಿಂದಲೇ ತಾಯಿಗೆ ಬೇಕಾದ ಥಯಾಮಿನ್ನಿನ ಬಹುಪಾಲು ದೊರೆಯುತ್ತದೆ. ಇವುಗಳಲ್ಲಿ ಯಾವುದೂ ಅಂಗಡಿಯ ದುಬಾರಿ ಡಬ್ಬಿಯಲ್ಲಿ ಬರತಕ್ಕದ್ದಲ್ಲ.

ಅನ್ನ ಬಿಡಬೇಕಾಗಿಲ್ಲ. ಸಿಕ್ಕಿದರೆ ಕುಚ್ಚಲಕ್ಕಿಯನ್ನೋ ಪಾಲಿಶ್ ಕಡಿಮೆಯಾದ ಅಕ್ಕಿಯನ್ನೋ ಬಳಸಿರಿ. ಅಕ್ಕಿಯನ್ನು ಒಂದೆರಡು ಸಲ ಹಗುರಾಗಿ ತೊಳೆದರೆ ಸಾಕು. ನೀರು ಇಂಗುವಂತೆ ಅನ್ನ ಮಾಡಿರಿ. ಗಂಜಿ ಬಸಿದರೆ ಅದನ್ನು ಸಾರಿಗೆ ಸೇರಿಸಿರಿ. ಈ ಕ್ರಮವನ್ನು ಗರ್ಭಿಣಿಯಾದಾಗಿನಿಂದಲೇ ಪಾಲಿಸುವುದು ಉತ್ತಮ. ಪಥ್ಯವು ತಿಂಗಳುಗಟ್ಟಲೆ ನಡೆದಿದ್ದರೆ ಥಯಾಮಿನ್ ಗುಳಿಗೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳಿರಿ.

ಗಂಡಂದಿರಿಗೆ ಒಂದು ಮಾತು

ಬಾಣಂತನವು ಹೆಂಗಸರ ವಿಷಯವೆಂದು ಗಂಡಸರು ದೂರ ನಿಲ್ಲುವುದು ರೂಢಿ. ಹೆಂಡತಿಯು ತವರಿನಲ್ಲಿರುವಾಗ ಅತ್ತೆಯ ಅಡುಗೆಮನೆಯ ವಿಚಾರ ಮಾತನಾಡಲು ಸಂಕೋಚವೂ ಸಹಜ. ಆದರೆ ಮಗುವನ್ನು ನೋಡಲು ಹೋಗುವಾಗ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣದ ಬದಲು ಎರಡು ಸೇರು ರಾಗಿ ಹಿಟ್ಟು, ಒಂದಿಷ್ಟು ಹೆಸರುಕಾಳು, ಕಡಲೆಕಾಯಿ ತೆಗೆದುಕೊಂಡು ಹೋಗಬಹುದಲ್ಲವೇ? "ಅತ್ತೆ, ಡಾಕ್ಟರು ಹೇಳಿದ್ದಾರೆ, ಇದನ್ನು ಇವಳಿಗೆ ಮಾಡಿಕೊಡಿ" ಎಂದು ವಿನಯದಿಂದ ಹೇಳಬಹುದಲ್ಲವೇ? ಹಿರಿಯರನ್ನು ಹೀಗಳೆಯಬೇಡಿ. ಅವರು ಬಾಣಂತನ ಮಾಡಿದ ಕಾಲದಲ್ಲಿ ಅನೇಕ ಮನೆಗಳಲ್ಲಿ ಒರಳಿನಲ್ಲಿ ಕುಟ್ಟಿದ ಅಕ್ಕಿಯಿತ್ತು. ಅದರಲ್ಲಿ ತೌಡಿನ ಅಂಶ ಉಳಿದಿರುತ್ತಿತ್ತು. ಅದೇ ಪಥ್ಯ 'ನಮಗೇನೂ ಆಗಲಿಲ್ಲ' ಎಂದು ಅವರು ಹೇಳುವುದರಲ್ಲಿ ಸತ್ಯವಿರಬಹುದು. ಪಥ್ಯ ಹಾಗೆಯೇ ಉಳಿಯಿತು, ಅಕ್ಕಿ ಬದಲಾಯಿತು. ಇದನ್ನು ಅವರಿಗೆ ಸಮಾಧಾನವಾಗಿ ತಿಳಿಯಹೇಳಿದರೆ ಒಪ್ಪದೆ ಇರಲಾರರು.

ಮಗುವನ್ನು ಈಗಾಗಲೇ ಕಳೆದುಕೊಂಡ ದಂಪತಿಗಳೂ ಈ ಮಾತನ್ನು ಕೇಳುತ್ತಿರಬಹುದು. ಅವರಿಗೆ ನಾನು ಹೇಳುವುದಿಷ್ಟೇ: ಅದು ನಿಮ್ಮ ಪಾಪದ ಫಲವಲ್ಲ, ಆ ತಾಯಿಯ ಕಾಲ್ಗುಣವೂ ಅಲ್ಲ. ಕಾರಣ ಇದೇ ಆಗಿತ್ತೋ ಬೇರೆಯದೋ ಇಂದು ಯಾರೂ ಹೇಳಲಾಗದು. ಮುಂದಿನ ಬಸುರಿನ ಆರಂಭದಲ್ಲಿಯೇ ವೈದ್ಯರ ಬಳಿಗೆ ಗಂಡಹೆಂಡಿರಿಬ್ಬರೂ ಬನ್ನಿ. ಹಿಂದಿನ ಮಗುವಿಗೆ ಏನಾಯಿತು, ಎಷ್ಟು ದಿನಕ್ಕೆ ಆಯಿತು, ಆಗ ಬಾಣಂತಿಯ ಊಟ ಏನಿತ್ತು, ನೆಂಟಸ್ತಿಕೆಯಲ್ಲಿ ಮದುವೆಯಾದಿರೋ ಎಂಬುದನ್ನೆಲ್ಲ ಮುಚ್ಚಿಡದೆ ಹೇಳಿರಿ.

ಕಡೂರಿನ ಹೊಲದಲ್ಲಿ ರಾಗಿ ಬೆಳೆದವರು ತಾವು. ಆ ರಾಗಿಯ ಒಂದು ಪಾಲು ನಿಮ್ಮ ಮನೆಯ ಬಾಣಂತಿಯ ತಟ್ಟೆಗೆ ಬರಲಿ. ನಿಮ್ಮ ತೊಟ್ಟಿಲಿನ ಕೂಸಿನ ಮೈಯೊಳಗಿನ ಲಕ್ಷಾಂತರ ಪುಟ್ಟ ಒಲೆಗಳು ಆರದೆ ಉರಿಯುತ್ತಿರಲಿ ಎಂದು ಹಾರೈಸುತ್ತೇನೆ.